ರೆಮಿಂಗ್ಟನ್ ಏಕೆ ಮುಳುಗಿತು: ಹಳೆಯ ಕಂಪನಿಯೊಂದರ ದಿವಾಳಿ ಕಡತ ಓದುವ ಬಗೆ

1816ರಲ್ಲಿ ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ ಎಲಿಫಲೆಟ್ ರೆಮಿಂಗ್ಟನ್ ಅಪ್ಪನ ಕುಲುಮೆಯಲ್ಲಿ ಕೋವಿಯ ನಳಿಗೆ ಬಡಿದ. ಆ ಕಸುಬು ಇಲಿಯನ್ ಊರಿನಲ್ಲಿ ದೊಡ್ಡ ಕಾರ್ಖಾನೆಯಾಗಿ ಬೆಳೆಯಿತು, ಎರಡು ಮಹಾಯುದ್ಧ ಕಂಡಿತು, 2020ರಲ್ಲಿ ಹರಾಜಿನಲ್ಲಿ ಪಾಲುಪಾಲಾಗಿ ಹೋಯಿತು. ನಮ್ಮವರಿಗೆ ಈ ಹೆಸರು ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಿಂದ ಪರಿಚಯ. ಟೈಪ್‌ರೈಟರ್ ವ್ಯಾಪಾರವನ್ನು ಕೋವಿ ಕಂಪನಿ 1886ರಲ್ಲೇ ಮಾರಿಬಿಟ್ಟಿತ್ತು, ಹಾಗಾಗಿ ಆ ಕಥೆಯನ್ನು ಇದಕ್ಕೆ ಬೆರೆಸಬೇಡಿ.

ಕಂಪನಿ ಏಕೆ ಮುಳುಗಿತು ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಕೋರ್ಟ್ ಕೇಸುಗಳು ಮುಳುಗಿಸಿದವು ಎನ್ನುವುದು ಒಂದು, ಕೋವಿ ಮಾರಾಟ ಬಿದ್ದುಹೋಯಿತು ಎನ್ನುವುದು ಇನ್ನೊಂದು. ತಾರೀಖು ಹಿಡಿದು ನೋಡಿದರೆ ಎರಡೂ ಅರ್ಧಂಬರ್ಧ. ವಾಣಿಜ್ಯ ಓದುವವರು, ಬಾಂಡ್ ಅಥವಾ ಷೇರಿಗೆ ದುಡ್ಡು ಹಾಕುವವರು ಇಂಥ ಕುಸಿತವನ್ನು ಕಾಗದದಿಂದಲೇ ಬಿಡಿಸಿ ನೋಡುವುದು ಹೇಗೆ ಎಂಬುದನ್ನು ಕೆಳಗೆ ರೆಮಿಂಗ್ಟನ್ ಕಡತವನ್ನೇ ಇಟ್ಟುಕೊಂಡು ಹೇಳಿದೆ.

ಮೊದಲು ಕೂಡಿಹಾಕಬೇಕಾದ ಕಾಗದ

ಮೂರು ಸಾಕು. ಒಂದು, 2009ರಲ್ಲಿ ರೆಮಿಂಗ್ಟನ್ ಸೇರಿದ್ದ ಫ್ರೀಡಂ ಗ್ರೂಪ್ ಷೇರು ಪೇಟೆಗೆ ಬರಲು ಹೊರಟಾಗ ಅಮೆರಿಕದ ಷೇರು ಪೇಟೆ ನಿಯಂತ್ರಕ ಎಸ್‌ಇಸಿಗೆ ಸಲ್ಲಿಸಿದ ಪ್ರಾಸ್ಪೆಕ್ಟಸ್. ಷೇರು ಪೇಟೆಗೆ ಅದು ಕೊನೆಗೂ ಬರಲಿಲ್ಲ, ಆದರೆ ಕಾಗದ ಉಳಿದಿದೆ, ಎಸ್‌ಇಸಿಯ ಎಡ್ಗರ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಎರಡು, 2018ರ ಮಾರ್ಚ್‌ನಲ್ಲಿ ಡೆಲವೇರ್‌ನಲ್ಲೂ 2020ರ ಜುಲೈನಲ್ಲಿ ಅಲಬಾಮಾದಲ್ಲೂ ಸಲ್ಲಿಸಿದ ದಿವಾಳಿ ಅರ್ಜಿಗಳು. ಇವು ಪೇಸರ್ ಎಂಬ ಕೋರ್ಟ್ ವ್ಯವಸ್ಥೆಯಲ್ಲಿವೆ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಬಿಲ್ಲೇ ಬರುವುದಿಲ್ಲ. ಮೂರು, ಕೋವಿ ಕೊಳ್ಳುವವರ ಹಿನ್ನೆಲೆ ತಪಾಸಣೆಯ ಬಗ್ಗೆ ಎಫ್‌ಬಿಐ ಪ್ರತಿ ತಿಂಗಳು ಪ್ರಕಟಿಸುವ ಅಂಕಿಗಳು.

ದಿವಾಳಿ ಕಡತದಲ್ಲಿ ನೂರಾರು ದಾಖಲೆ ಇರುತ್ತವೆ, ಎಲ್ಲಕ್ಕೂ ಕೈ ಹಾಕಬೇಡಿ. ಮೊದಲ ದಿನ ಕಂಪನಿಯ ಅಧಿಕಾರಿ ಸಲ್ಲಿಸುವ ಪ್ರಮಾಣಪತ್ರವನ್ನು ಮೊದಲು ಓದಿ: ಯಾರಿಗೆ ಎಷ್ಟು ಬಾಕಿ, ಏಕೆ ಹೀಗಾಯಿತು ಎಂದು ಕಂಪನಿಯೇ ಹೇಳುವ ಜಾಗ ಅದು. ಆಮೇಲೆ ಅಡಮಾನವಿಲ್ಲದೆ ಸಾಲ ಕೊಟ್ಟು ದೊಡ್ಡ ಬಾಕಿ ಬರಬೇಕಾದವರ ಪಟ್ಟಿ ನೋಡಿ. ಪಟ್ಟಿಯ ತುಂಬ ಕಚ್ಚಾಮಾಲು ಕೊಡುವವರೇ ಇದ್ದರೆ ಕೈಯಲ್ಲಿ ನಗದು ಮುಗಿದು ತುಂಬ ದಿನವಾಗಿದೆ ಎಂದು ತಿಳಿಯಿರಿ.

ಮಾಲೀಕರ ಸಾಲು

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಗೆರೆ ಹಾಕಿ: ವರ್ಷ, ಮಾಲೀಕ, ಕೊಟ್ಟ ಬೆಲೆ, ಸಾಲ ಯಾರ ತಲೆ ಮೇಲೆ. 1888ರಲ್ಲಿ ಮಾರ್ಸೆಲಸ್ ಹಾರ್ಟ್ಲಿ ಮತ್ತು ಜೊತೆಗಾರರು, 1933ರಲ್ಲಿ ಡುಪಾಂಟ್, 1993ರಲ್ಲಿ ಕ್ಲೇಟನ್ ಡುಬಿಲಿಯರ್ ಅಂಡ್ ರೈಸ್ ಎಂಬ ಹೂಡಿಕೆ ಸಂಸ್ಥೆ, 2007ರಲ್ಲಿ ಸರ್ಬೆರಸ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್. ಡುಪಾಂಟ್ 60 ವರ್ಷ ಇಟ್ಟುಕೊಂಡಿತು. ಅದು ಸ್ವತಃ ಸಿಡಿಮದ್ದು, ರಾಸಾಯನಿಕ ತಯಾರಿಸುತ್ತಿದ್ದ ಕಂಪನಿ. ಆಮೇಲಿನ ಇಬ್ಬರು ಸಾಲ ಎತ್ತಿ ಕೊಂಡು ಕೆಲವು ವರ್ಷಕ್ಕೆ ಮಾರುವ ಕಸುಬಿನವರು. ಯಂತ್ರ ಹತ್ತು ವರ್ಷದ ಯೋಚನೆ ಬೇಡುತ್ತದೆ, ಇವರ ಲೆಕ್ಕ ಅದಕ್ಕಿಂತ ಚಿಕ್ಕದು. ಕುಸಿತದ ಬೇರು ಇಲ್ಲಿದೆ ಎಂಬುದೇ ನಮ್ಮ ಅಭಿಪ್ರಾಯ, ಆದರೆ ಅದನ್ನು ಅಂಕಿಯಿಂದ ತೋರಿಸಬೇಕು.

ಸಾಲದ ಹಾಳೆ

2007ರ ವ್ಯವಹಾರದ ಮೊತ್ತ 37 ಕೋಟಿ ಡಾಲರ್ ಎಂದು ಎಲ್ಲ ಕಡೆ ಓದುತ್ತೀರಿ. ಅದನ್ನು ಒಡೆದು ಬರೆಯಿರಿ. 11.8 ಕೋಟಿ ಕೊಟ್ಟ ಹಣ, 25.2 ಕೋಟಿ ಮೊದಲೇ ಇದ್ದ ಸಾಲ. ಅಂದರೆ ಕೈ ಬದಲಾದ ದಿನವೇ ಕಂಪನಿಯ ಮೂರರಲ್ಲಿ ಎರಡು ಪಾಲು ಸಾಲ. ಸರ್ಬೆರಸ್ 2006ರಲ್ಲೇ ಬುಷ್‌ಮಾಸ್ಟರ್ ಎಂಬ ಕೋವಿ ಕಂಪನಿ ಕೊಂಡಿತ್ತು, ರೆಮಿಂಗ್ಟನ್ ಬಂದ ಮೇಲೆ ಡಿಪಿಎಂಎಸ್, ಮಾರ್ಲಿನ್ ಎಂಬ ಕೋವಿ ಕಂಪನಿಗಳೂ ಸೇರಿದವು. ಇಡೀ ಗುಂಪಿಗೆ ಫ್ರೀಡಂ ಗ್ರೂಪ್ ಎಂಬ ಹೆಸರು.

ಮುಂದಿನ ಸಾಲನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. 2010ರಲ್ಲಿ ಮೇಲಿನ ಹೋಲ್ಡಿಂಗ್ ಕಂಪನಿ (ಕಾರ್ಖಾನೆ ಕಂಪನಿಯ ಷೇರು ಹಿಡಿದಿರುವ ಕಂಪನಿ) 22.5 ಕೋಟಿ ಡಾಲರಿನ ಪಿಐಕೆ ನೋಟು ಮಾರಿತು. ಆ ಹಣದ ಬಹುಪಾಲು ಸರ್ಬೆರಸ್ ಮುಂತಾದ ಹೂಡಿಕೆದಾರರ ಬಳಿಯಿದ್ದ ಆದ್ಯತಾ ಷೇರುಗಳನ್ನು ಮರಳಿ ಕೊಳ್ಳಲು ಹೋಯಿತು. ಹೊಸ ಲೇತ್‌ಗೆ ಅಲ್ಲ, ಹೊಸ ವಿನ್ಯಾಸಕ್ಕೂ ಅಲ್ಲ. ಪಿಐಕೆ ಎಂದರೆ ಬಡ್ಡಿಯನ್ನು ನಗದಾಗಿ ಕಟ್ಟದೆ ಅಸಲಿಗೇ ಸೇರಿಸುತ್ತಾ ಹೋಗುವುದು, ನಮ್ಮ ಊರಿನ ಚಕ್ರಬಡ್ಡಿಯೇ. ಲೆಕ್ಕ ಹಾಕಿ ನೋಡಿ: 100 ರೂಪಾಯಿಗೆ ವರ್ಷಕ್ಕೆ 11%ರಂತೆ ಐದು ವರ್ಷ ಏನೂ ಕಟ್ಟದಿದ್ದರೆ 168.51 ರೂಪಾಯಿ. 2012ರಲ್ಲಿ ಹೊಸ ಸಾಲ ಎತ್ತಿ ಆ ನೋಟುಗಳನ್ನು ತೀರಿಸಿದಾಗ, ಮೇಲಿದ್ದ ಭಾರ ಕೋವಿ ತಯಾರಿಸುವ ಕಂಪನಿಯ ಹೆಗಲಿಗೆ ಇಳಿಯಿತು. ಅದೇ ವರ್ಷ ಮಾರಿದ ಬಾಂಡಿಗೆ ಬಡ್ಡಿ 7.875%, ತೀರಿಸಬೇಕಾದ ವರ್ಷ 2020.

ಬಡ್ಡಿಯ ಹೊರೆ ಅಳೆಯಲು ಸುಲಭ ದಾರಿ: ಒಟ್ಟು ಸಾಲವನ್ನು ಬಡ್ಡಿದರದಿಂದ ಗುಣಿಸಿ, ವಹಿವಾಟಿನಿಂದ ಭಾಗಿಸಿ. 2018ರ ಮೊದಲ ಅರ್ಜಿಯ ಹೊತ್ತಿಗೆ ಸಾಲ ಸುಮಾರು 95 ಕೋಟಿ ಡಾಲರ್, 2017ರ ವಹಿವಾಟು 60.34 ಕೋಟಿ. ಬಡ್ಡಿ 8% ಎಂದು ಹಿಡಿದರೆ ವರ್ಷಕ್ಕೆ 7.6 ಕೋಟಿ, ಅಂದರೆ ಮಾರಿದ ಪ್ರತಿ 100 ಡಾಲರಿನಲ್ಲಿ 12ಕ್ಕಿಂತ ಹೆಚ್ಚು ಬಡ್ಡಿಗೇ. ಉಕ್ಕು, ಮರ, ಸಂಬಳ, ವಿಮೆ ಎಲ್ಲ ಕಳೆದ ಮೇಲೆ ಕೋವಿ ವ್ಯಾಪಾರದಲ್ಲಿ ಅಷ್ಟು ಉಳಿಸುವುದು ಒಳ್ಳೆಯ ವರ್ಷದಲ್ಲೂ ಕಷ್ಟ.

ಹೊಸಬರು ಇಲ್ಲಿ ಎಡವುವುದು ಒಂದೇ ಕಾರಣಕ್ಕೆ. ಹೋಲ್ಡಿಂಗ್ ಕಂಪನಿಯ ಲೆಕ್ಕವನ್ನೂ ಕಾರ್ಖಾನೆ ಕಂಪನಿಯ ಲೆಕ್ಕವನ್ನೂ ಒಂದೇ ಎಂದುಕೊಂಡು, ಸಾಲ ಎಲ್ಲಿಂದ ಎಲ್ಲಿಗೆ ಜಾರಿತು ಎಂಬುದನ್ನೇ ತಪ್ಪಿಸಿಕೊಳ್ಳುತ್ತಾರೆ. ಎರಡಕ್ಕೂ ಬೇರೆ ಬೇರೆ ಹಾಳೆ ಇಡಿ.

ವಸ್ತುವಿನ ದೋಷ: ಒಂದು ಚೂರು ಲೋಹ

ಲೆಕ್ಕಪತ್ರದಲ್ಲಿ ಉತ್ಪನ್ನ ಹೊಣೆ ಎಂಬ ಟಿಪ್ಪಣಿ ಸಿಕ್ಕರೆ ಅಲ್ಲಿ ನಿಲ್ಲಿ, ಯಂತ್ರದ ಚಿತ್ರ ತರಿಸಿ ನೋಡಿ. ರೆಮಿಂಗ್ಟನ್‌ನಲ್ಲಿ ಅದು ಮೈಕ್ ವಾಕರ್ ವಿನ್ಯಾಸ ಮಾಡಿದ ಟ್ರಿಗರ್. 1948ರ ಮಾಡೆಲ್ 721ರಲ್ಲಿ ಬಂತು, 1962ರ ಮಾಡೆಲ್ 700ರಲ್ಲೂ ಮುಂದುವರಿಯಿತು. ಬಿಡುವಾಗ ಗರಿಗರಿಯಾಗಿ ಬಿಡುತ್ತದೆ ಎಂದು ಬೇಟೆಗಾರರು ಮೆಚ್ಚಿದರು.

ಅದರೊಳಗೆ ಕನೆಕ್ಟರ್ ಎಂಬ ಪುಟ್ಟ ಲೋಹದ ಪಟ್ಟಿ ಇದೆ. ಟ್ರಿಗರಿನ ಮುಂದೆ ಸ್ಪ್ರಿಂಗಿನ ಒತ್ತಡದಿಂದ ನಿಂತಿರುತ್ತದೆ, ಟ್ರಿಗರಿಗೆ ಬಿಗಿದಿಲ್ಲ. ಗುಂಡು ಹಾರಿದಾಗಲೆಲ್ಲ ಅದು ಮುಂದಕ್ಕೆ ಸರಿದು ಮತ್ತೆ ತನ್ನ ಜಾಗಕ್ಕೆ ಬಂದು, ಗುಂಡು ಸಿಡಿಸುವ ಮೊನೆಯನ್ನು ತಡೆದಿಡುವ, ಮೇಲಿನ ಸಿಯರ್ ಎಂಬ ಭಾಗಕ್ಕೆ ಆನಿಕೆ ಕೊಡಬೇಕು. ನಡುವಿನ ಸಂದಿಯಲ್ಲಿ ಧೂಳು, ಗಟ್ಟಿಯಾದ ಎಣ್ಣೆ, ಲೋಹದ ಚೂರು ಸೇರಿದರೆ ಪೂರ್ತಿ ಹಿಂದೆ ಬರುವುದಿಲ್ಲ, ಆನಿಕೆ ಕೂದಲೆಳೆಯಷ್ಟೇ ಸಿಗುತ್ತದೆ ಅಥವಾ ಸಿಗುವುದೇ ಇಲ್ಲ. ಆಗ ಸಿಯರ್ ಅನ್ನು ಹಿಡಿದಿರುವುದು ಸೇಫ್ಟಿ ಎಂಬ ತಡೆ ಕೀಲಿ ಒಂದೇ. ಸೇಫ್ಟಿ ಸರಿಸಿದ ಕ್ಷಣ, ಬೆರಳು ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದು. 1982ಕ್ಕೆ ಮುಂಚಿನ ಕೋವಿಗಳಲ್ಲಿ ತೋಟಾ ಹೊರತೆಗೆಯಬೇಕಾದರೂ ಸೇಫ್ಟಿ ಸರಿಸಲೇಬೇಕಿತ್ತು. ಅಪಾಯ ಎಲ್ಲಿ ಕೂತಿತ್ತು ಎಂಬುದು ಇದರಿಂದಲೇ ಗೊತ್ತಾಗುತ್ತದೆ. 2000ನೇ ಇಸವಿಯಲ್ಲಿ ಮೊಂಟಾನಾದಲ್ಲಿ 9 ವರ್ಷದ ಹುಡುಗನೊಬ್ಬ ಸತ್ತದ್ದು ಹೀಗೆ ಸೇಫ್ಟಿ ಸರಿಸಿದಾಗ ಹಾರಿದ ಗುಂಡಿಗೆ. ವಾಕರ್ ಸ್ವತಃ 1948ರಲ್ಲೇ ಹೆಚ್ಚು ಭದ್ರವಾದ ತಡೆಯೊಂದನ್ನು ಸೂಚಿಸಿದ್ದ, ಅದಕ್ಕೆ ಕೋವಿಗೆ ಐದೂವರೆ ಸೆಂಟ್ ಖರ್ಚಾಗುತ್ತಿತ್ತು ಎಂಬುದು ಮುಂದೆ ದಾಖಲೆಗಳಿಂದ ಹೊರಬಂತು.

ಟ್ರಿಗರಿನಲ್ಲಿ ದೋಷವಿಲ್ಲ ಎಂಬುದು ಕಂಪನಿಯ ವಾದವಾಗಿತ್ತು, ರಾಜಿಯಲ್ಲೂ ತಪ್ಪು ಒಪ್ಪಿಕೊಳ್ಳಲಿಲ್ಲ. ಇದನ್ನೂ ಹಾಳೆಯಲ್ಲಿ ಬರೆಯಬೇಕು. ಹಳೆಯದರ ಬದಲಿಗೆ ಎಕ್ಸ್-ಮಾರ್ಕ್ ಪ್ರೋ ಟ್ರಿಗರ್ ತಂದರೆ, ಜೋಡಿಸುವಾಗ ಹಚ್ಚಿದ ಅಂಟು ಹೆಚ್ಚಾಗಿ 2014ರ ಏಪ್ರಿಲ್‌ನಲ್ಲಿ ಅದನ್ನೂ ಮರಳಿ ಕರೆಸಬೇಕಾಯಿತು. 2006ರ ಮೇನಿಂದ 2014ರ ಏಪ್ರಿಲ್‌ವರೆಗೆ ತಯಾರಾದ ಕೋವಿಗಳು ಅದರಲ್ಲಿ ಸೇರಿದವು. ಸುಮಾರು 75 ಲಕ್ಷ ಕೋವಿಗಳಿಗೆ ಸಂಬಂಧಿಸಿದ ಸಾಮೂಹಿಕ ದಾವೆಯ ರಾಜಿ 2018ರಲ್ಲಿ ಜಾರಿಗೆ ಬಂತು.

ಕಾರ್ಖಾನೆ ಸ್ಥಳಾಂತರ: ಡ್ರಾಯಿಂಗ್ ಸಾಲದು

ಖರ್ಚು ಉಳಿಸಲು ಕಾರ್ಖಾನೆ ಮುಚ್ಚಿ ಬೇರೆಡೆ ಸಾಗಿಸಿದರು ಎಂದು ಓದಿದರೆ, ಮುಂದಿನ ಎರಡು ವರ್ಷದ ದೂರುಗಳನ್ನು ಹುಡುಕಿ. ಕನೆಕ್ಟಿಕಟ್‌ನ ನಾರ್ತ್ ಹೇವನ್‌ನಲ್ಲಿದ್ದ ಮಾರ್ಲಿನ್ ಕಾರ್ಖಾನೆಗೆ 2011ರಲ್ಲಿ ಬೀಗ ಬಿತ್ತು, ಯಂತ್ರಗಳು ಇಲಿಯನ್‌ಗೆ ಬಂದವು. ಯಂತ್ರಗಳ ಜೊತೆ ಕೆಲಸಗಾರರು ಬರಲಿಲ್ಲ. ಸವೆದ ಹಳೆಯ ಯಂತ್ರಕ್ಕೆ ಎಲ್ಲಿ ಎಷ್ಟು ಒತ್ತು ಕೊಡಬೇಕು, ಯಾವ ಭಾಗಕ್ಕೆ ಅರ ಹಿಡಿದು ಎಷ್ಟು ಉಜ್ಜಿದರೆ ಕೂರುತ್ತದೆ ಎಂಬುದು ಅವರ ಕೈಯಲ್ಲಿತ್ತು. ಕಾಗದದ ಡ್ರಾಯಿಂಗ್ ಬೇರೆ, ನೆಲದ ಮೇಲೆ ತಯಾರಾಗುತ್ತಿದ್ದ ಭಾಗ ಬೇರೆ. ಪರಿಣಾಮ: ಓರೆಯಾದ ಗುರಿಮೊನೆ, ಮರಕ್ಕೂ ಲೋಹಕ್ಕೂ ನಡುವೆ ಸಂದು, ತೋಟಾ ಸರಿಯಾಗಿ ಒಳಸೇರದ ಕೋವಿ. ಕೊಳ್ಳುವವರು ಇವಕ್ಕೆ ‘ರೆಮ್ಲಿನ್’ ಎಂದು ಹೆಸರಿಟ್ಟು, ಹಳೆಯ ಮಾರ್ಲಿನ್‌ಗಳನ್ನೇ ಹುಡುಕಿ ಹೆಚ್ಚು ಬೆಲೆ ಕೊಟ್ಟರು.

2014ರಲ್ಲಿ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ, ಹತ್ತು ವರ್ಷದಲ್ಲಿ ಸುಮಾರು 2,000 ಕೆಲಸ ಕೊಡುತ್ತೇವೆಂದು ಸರ್ಕಾರದ ಸವಲತ್ತು ಪಡೆದು ದೊಡ್ಡ ಕಾರ್ಖಾನೆ ತೆರೆದರು. ಅದೇ ವರ್ಷ ಬಿಟ್ಟ ಆರ್51 ಪಿಸ್ತೂಲು ತಿಂಗಳುಗಳಲ್ಲೇ ವಾಪಸ್ ಬಂತು, ಎರಡು ವರ್ಷ ಮಾರಾಟವೇ ನಿಂತಿತು.

ಬೇಡಿಕೆ ಮತ್ತು ಕೇಸು: ತಾರೀಖು ಹೊಂದಿಸಿ

ಈಗ ಎಫ್‌ಬಿಐ ಅಂಕಿ ತೆಗೆಯಿರಿ. ತಪಾಸಣೆ ಎಂದರೆ ಮಾರಾಟವಲ್ಲ, ಲೈಸೆನ್ಸ್ ತಪಾಸಣೆಯೂ ಅದರಲ್ಲಿ ಸೇರಿದೆ. ಆದರೂ ಗಾಳಿ ಯಾವ ಕಡೆ ಎಂದು ತಿಳಿಯಲು ಸಾಕು. 2016ರಲ್ಲಿ ಸುಮಾರು 2.75 ಕೋಟಿ, 2017ರಲ್ಲಿ 2.52 ಕೋಟಿ, ಇಳಿಕೆ ಸುಮಾರು 8%. ಅದೇ ಅವಧಿಯಲ್ಲಿ ರೆಮಿಂಗ್ಟನ್ ವಹಿವಾಟು 86.51 ಕೋಟಿ ಡಾಲರಿನಿಂದ 60.34 ಕೋಟಿಗೆ, ಅಂದರೆ 30% ಇಳಿಯಿತು. ಕೋವಿಗೆ ಕಡಿವಾಣ ಬೀಳುವ ಭಯದಿಂದ 2016ರಲ್ಲಿ ಅಂಗಡಿಯವರು ಗೋದಾಮು ತುಂಬಿಕೊಂಡಿದ್ದರು, ಚುನಾವಣೆಯ ನಂತರ ಆ ಭಯ ಹೋಯಿತು, ಹೊಸ ಆರ್ಡರ್ ಕಡಿಮೆಯಾಯಿತು. ಅಷ್ಟಕ್ಕೇ ವಹಿವಾಟು ತಪಾಸಣೆಗಿಂತ ಸುಮಾರು ನಾಲ್ಕು ಪಟ್ಟು ಬೀಳುವುದಿಲ್ಲ ಎಂಬುದು ನಮ್ಮ ಎಣಿಕೆ. ಹೆಸರು ಕೆಟ್ಟದ್ದೂ ಅದರಲ್ಲಿ ಸೇರಿದೆ.

ಮಾರಾಟ ಬಿದ್ದದ್ದೇ ಕಾರಣ ಎನ್ನುವವರಿಗೆ 2020 ತೋರಿಸಿ. ಆ ವರ್ಷ ತಪಾಸಣೆ ಸುಮಾರು 3.97 ಕೋಟಿ ಮುಟ್ಟಿ ದಾಖಲೆಯಾಯಿತು, ಬೇರೆ ಕಂಪನಿಗಳ ಮಾಲು ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ. ಅದೇ ಜುಲೈನಲ್ಲಿ ರೆಮಿಂಗ್ಟನ್ ಎರಡನೇ ಸಲ ದಿವಾಳಿ ಅರ್ಜಿ ಹಾಕಿತು. 2018ರಲ್ಲಿ 77 ಕೋಟಿಗೂ ಹೆಚ್ಚು ಸಾಲ ಮನ್ನಾ ಆಗಿ, ಸಾಲ ಕೊಟ್ಟವರೇ ಮಾಲೀಕರಾಗಿದ್ದರು. ಆದರೂ ಒಮ್ಮೆ ದಿವಾಳಿಯಾದವನಿಗೆ ಹಿತ್ತಾಳೆ, ಉಕ್ಕು ಕೊಡುವವರು ಮುಂಗಡ ಕೇಳುತ್ತಾರೆ. ದುಡಿಯುವ ಬಂಡವಾಳ ಇಲ್ಲದಿದ್ದರೆ ಗಿರಾಕಿ ಬಾಗಿಲಲ್ಲಿ ನಿಂತರೂ ಮಾಲು ತಯಾರಾಗುವುದಿಲ್ಲ.

ಕೇಸಿನ ಲೆಕ್ಕ ಹೀಗೆ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ದೊಡ್ಡವರನ್ನು ಬುಷ್‌ಮಾಸ್ಟರ್ ರೈಫಲಿನಿಂದ ಕೊಲ್ಲಲಾಯಿತು. ನಾಲ್ಕೇ ದಿನದಲ್ಲಿ ಸರ್ಬೆರಸ್ ಈ ಗುಂಪನ್ನು ಮಾರುತ್ತೇವೆಂದು ಪ್ರಕಟಿಸಿತು, ಕೊಳ್ಳುವವರು ಬರಲಿಲ್ಲ. ಕುಟುಂಬಗಳ ದಾವೆಗೆ ಕನೆಕ್ಟಿಕಟ್ ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ, ಜಾಹೀರಾತು ಮಾಡಿದ ರೀತಿಯ ಆಧಾರದ ಮೇಲೆ ದಾರಿ ಬಿಟ್ಟಿತು. 7.3 ಕೋಟಿ ಡಾಲರಿನ ರಾಜಿ ಆದದ್ದು 2022ರ ಫೆಬ್ರವರಿಯಲ್ಲಿ, ಕೊಟ್ಟವರು ವಿಮಾ ಕಂಪನಿಗಳು. ಅಷ್ಟರಲ್ಲಿ ಹರಾಜು ಮುಗಿದು ಒಂದು ವರ್ಷ ದಾಟಿತ್ತು. ದಾವೆ ಕೊಳ್ಳುವವರನ್ನು ದೂರ ಇಟ್ಟಿರಬಹುದು, ಆದರೆ ಪೆಟ್ಟಿಗೆ ಖಾಲಿ ಮಾಡಿದ್ದು ಅದಲ್ಲ.

ಹರಾಜಿನ ಪಟ್ಟಿ ಓದುವುದು

ಕೊನೆಯ ಹಾಳೆಯಲ್ಲಿ ಯಾರು ಏನು ಕೊಂಡರು ಎಂದು ಬರೆಯಿರಿ. ಯಾವ ಭಾಗದಲ್ಲಿ ಜೀವ ಉಳಿದಿತ್ತು ಎಂಬುದನ್ನು ಕೊಳ್ಳುವವರ ಬೆಲೆಯೇ ಹೇಳುತ್ತದೆ. ಆರ್ಕನ್ಸಾದ ಲೋನೋಕ್‌ನ ತೋಟಾ ಕಾರ್ಖಾನೆ ಮತ್ತು ರೆಮಿಂಗ್ಟನ್ ಹೆಸರಿಗೆ ವಿಸ್ಟಾ ಔಟ್‌ಡೋರ್ ಕೂಗಿದ್ದು 8.14 ಕೋಟಿ ಡಾಲರ್. ಬಾರ್ನ್ಸ್ ತೋಟಾ ವ್ಯಾಪಾರಕ್ಕೆ ಸಿಯೆರಾ ಬುಲೆಟ್ಸ್ 3.05 ಕೋಟಿ, ಮಾರ್ಲಿನ್‌ಗೆ ರೂಗರ್ 3 ಕೋಟಿ. ಇಲಿಯನ್ ಕಾರ್ಖಾನೆ ಸಮೇತ ರೆಮಿಂಗ್ಟನ್ ಕೋವಿ ವ್ಯಾಪಾರಕ್ಕೆ ರೌಂಡ್‌ಹಿಲ್ ಗ್ರೂಪ್ 1.3 ಕೋಟಿ. ನಾಲ್ಕೂ ಕೂಡಿದರೆ 15.49 ಕೋಟಿ. 2018ರ 95 ಕೋಟಿ ಸಾಲವನ್ನು ಪಕ್ಕದಲ್ಲಿ ಬರೆದು ನೋಡಿ.

ಇನ್ನೂರು ವರ್ಷದ ಕೋವಿ ಕಸುಬಿಗಿಂತ ತೋಟಾಕ್ಕೆ ಆರು ಪಟ್ಟು ಬೆಲೆ ಏಕೆ ಎಂದು ಕೇಳಬಹುದು. ಹಾರಿಸಿದ ತೋಟಾ ಮತ್ತೆ ಕೊಳ್ಳಲೇಬೇಕು. 1950ರ ಮಾಡೆಲ್ 870 ಕೋವಿ ಮೊಮ್ಮಗನ ಕಾಲಕ್ಕೂ ಹಾರುತ್ತದೆ. 2009ಕ್ಕೇ ಅಂಥವು ಒಂದು ಕೋಟಿ ತಯಾರಾಗಿದ್ದವು, ಹಾಗಾಗಿ ಹೊಸದಕ್ಕೆ ಹಳೆಯದೇ ಪೈಪೋಟಿ.

ಹರಾಜಿನ ನಂತರದ ಸಾಲುಗಳನ್ನೂ ಸೇರಿಸಿ, ಇಲ್ಲವಾದರೆ ಹೆಸರನ್ನು ನೋಡಿ ಕಂಪನಿ ಇನ್ನೂ ಇದೆ ಎಂದು ಮೋಸಹೋಗುತ್ತೀರಿ. ರೂಗರ್ ಮಾರ್ಲಿನ್ ಯಂತ್ರಗಳನ್ನು ತನ್ನ ಕಾರ್ಖಾನೆಗೆ ಒಯ್ದು, ಹೊಸದಾಗಿ ಅಳತೆ ಮಾಡಿ, 2021ರ ಡಿಸೆಂಬರ್‌ನಲ್ಲಿ ಮಾಡೆಲ್ 1895 ಹೊರತಂದಿತು. 2020ರ ಅಕ್ಟೋಬರ್‌ನಲ್ಲಿ ಇಲಿಯನ್‌ನ 585 ಮಂದಿಯನ್ನು ಕೆಲಸದಿಂದ ತೆಗೆಯಲಾಗಿತ್ತು. 2021ರಲ್ಲಿ ರೆಮ್‌ಆರ್ಮ್ಸ್ ಹೆಸರಿನಲ್ಲಿ ಕಾರ್ಖಾನೆ ಮತ್ತೆ ತೆರೆಯಿತು, 2024ರ ಮಾರ್ಚ್‌ನಲ್ಲಿ ಬಾಗಿಲು ಹಾಕಿ ಕೆಲಸ ಜಾರ್ಜಿಯಾದ ಲಾಗ್ರಾಂಜ್‌ಗೆ ಹೋಯಿತು. ರೆಮಿಂಗ್ಟನ್ ಎಂದು ಅಚ್ಚಾದ ತೋಟಾ ಪೆಟ್ಟಿಗೆ ಈಗಲೂ ಲೋನೋಕ್‌ನಿಂದಲೇ ಬರುತ್ತದೆ. ಆ ವ್ಯಾಪಾರ 2024ರ ನವೆಂಬರ್‌ನಿಂದ ಜೆಕ್ ಗಣರಾಜ್ಯದ ಸಿಎಸ್‌ಜಿ ಗುಂಪಿನದು.