ಬೆಂಗಳೂರಿನಲ್ಲಿ ಕುಳಿತು ಅಳಿವೆ ಬಾಗಿಲಿನ ನಕ್ಷೆ ಬರೆದದ್ದು

ಮಂಗಳೂರಿನ ಅಳಿವೆ ಬಾಗಿಲಿನಲ್ಲಿ ನೇತ್ರಾವತಿ, ಗುರುಪುರ ನದಿಗಳೆರಡೂ ಕೂಡಿ ಕಡಲು ಸೇರುತ್ತವೆ. ತೆಂಕಣಕ್ಕೆ ಉಳ್ಳಾಲ, ಬಡಗಣಕ್ಕೆ ಬೆಂಗ್ರೆಯ ಮರಳದಂಡೆ. ಈ ಬಾಗಿಲು ಹೇಗೆ ಬದಲಾಯಿತೆಂದು ತಿಳಿಯದೆ ಅಲ್ಲಿನ ದೋಣಿಗಳ ಚರಿತ್ರೆ ಬರೆಯಲಾಗದು ಎಂಬುದು ನನ್ನ ನಂಬಿಕೆ. ಬಸವನಗುಡಿಯ ಮನೆಯಿಂದಲೇ ಈ ಕೆಲಸ ಮಾಡಿದೆ. ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳೂ ನಕ್ಷೆ ಬರೆಯುವ ಕ್ಯೂಜಿಐಎಸ್ ತಂತ್ರಾಂಶವೂ ಉಚಿತವಾಗಿ ಸಿಗುತ್ತವೆ.

ದಡದ ಗೆರೆ ಎಳೆಯುವ ಮೊದಲು ಉಬ್ಬರವಿಳಿತದ ಕೋಷ್ಟಕ ನೋಡಲೇಬೇಕು. ಈ ಉಪಗ್ರಹಗಳು ಹಾದುಹೋಗುವುದು ಯಾವಾಗಲೂ ಬೆಳಗಿನ ಒಂದೇ ಹೊತ್ತಿಗೆ. ಉಬ್ಬರ ಮಾತ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಒಂದೇ ತಿಂಗಳ ಎರಡು ಚಿತ್ರಗಳಲ್ಲಿ ಮರಳು ಹೆಚ್ಚು ಕಡಿಮೆ ಕಂಡರೆ ಅದನ್ನು ಕೊರೆತ ಎನ್ನಬಾರದು. ಹಾಗಾಗಿ ಮೋಡವಿಲ್ಲದ ಜನವರಿ, ಫೆಬ್ರುವರಿಯ ಚಿತ್ರಗಳಲ್ಲಿ ನೀರಿನ ಮಟ್ಟ ಸಮನಾಗಿದ್ದವನ್ನೇ ಆರಿಸಿಕೊಂಡೆ. ಹಳೆಯ ಕಾಗದದ ನಕ್ಷೆಗಳನ್ನು ಈ ಚಿತ್ರಗಳಿಗೆ ಹೊಂದಿಸಲು ನದಿಯ ದಡವನ್ನು ನಂಬಲಿಲ್ಲ. ಬಾವುಟಗುಡ್ಡೆಯನ್ನೂ, ಗುರುಪುರ ನದಿಗೆ ಯುದ್ಧನೌಕೆ ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯನ್ನೂ ಗುರುತಾಗಿ ಹಿಡಿದೆ.

14ನೇ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ ಮಂಗಳೂರನ್ನು ಮಲಬಾರಿನ ಅತಿ ದೊಡ್ಡ ಅಳಿವೆಯ ಮೇಲಿನ ಪಟ್ಟಣವೆಂದ. ಅವನು ಕಂಡ ಬಾಗಿಲಿನ ಮೇಲೆ ಇಂದಿನ ಗೆರೆಯನ್ನು ಹೊರಿಸುವುದು ತಪ್ಪು. ಬಾಯಲ್ಲಿ ಮರಳದಿಬ್ಬ ಇದ್ದುದರಿಂದ ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕುತ್ತಿದ್ದವು, ಬಂದರಿಗೂ ಹಡಗಿಗೂ ನಡುವೆ ಸರಕು ಸಾಗಿಸಿದ್ದು ಸಣ್ಣ ದೋಣಿಗಳೇ. 1865ರಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಕಾರ್ಖಾನೆಯ ಹೆಂಚೂ ಹಳೆಯ ಬಂದರಿನಿಂದಲೇ ದೇಶಾಂತರ ಹೋಯಿತು. 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳು ಅತ್ತ ತಿರುಗಿದವು. ಲಕ್ಷದ್ವೀಪಕ್ಕೆ ಸಿಮೆಂಟು, ತರಕಾರಿ ಒಯ್ಯುವ ಮಂಜಿ ಎಂಬ ಸರಕು ದೋಣಿಗಳು ಹಳೆಯ ಬಂದರಿನಲ್ಲೇ ಉಳಿದವು.

ಚಿತ್ರಗಳಲ್ಲಿ ಬಾಯಿಯ ಹೊರಗೆ ಬಿಳಿ ಪಟ್ಟೆಯೊಂದು ಕಾಣುತ್ತಿತ್ತು. ಬೆಂಗ್ರೆಯ ತಾಂಡೇಲರೊಬ್ಬರಿಗೆ (ದೋಣಿ ನಡೆಸುವ ಮುಖ್ಯಸ್ಥರಿಗೆ) ಮೊಬೈಲಿನಲ್ಲಿ ಕಳುಹಿಸಿ ಕೇಳಿದೆ. “ಅಲ್ಲಿ ಅಲೆ ಒಡೆಯುತ್ತದೆ, ಅಡಿಯಲ್ಲಿ ದಿಬ್ಬ ಇದೆ. ಆ ಬಿಳಿ ಇಲ್ಲದ ಕಡೆಯಿಂದಲೇ ನಾವು ದೋಣಿ ತರುವುದು” ಎಂದರು. ಅಂದಿನಿಂದ ಒಡೆಯುವ ಅಲೆಗಳನ್ನೇ ಬೇರೆ ಪದರವಾಗಿ ಗುರುತಿಸುತ್ತಿದ್ದೇನೆ. ದೋಣಿಯ ದಾರಿ ದಡದ ಗೆರೆಗಿಂತ ಇದರಲ್ಲಿ ಚೆನ್ನಾಗಿ ತಿಳಿಯುತ್ತದೆ. ಮಳೆಗಾಲದಲ್ಲಿ ಬಾಗಿಲು ಅತ್ಯಂತ ಅಪಾಯದ್ದು, ಆಗಲೇ ಮೋಡ ಚಿತ್ರವನ್ನು ಮುಚ್ಚುತ್ತದೆ. ಆ ತಿಂಗಳುಗಳಿಗೆ ತಾಂಡೇಲರು ಹೇಳಿದ್ದನ್ನೇ ವರ್ಷ ಸಹಿತ ಬರೆದು ನಕ್ಷೆಗೆ ಸೇರಿಸುತ್ತೇನೆ.