ಗುಯಿಝೌ ಹಳ್ಳಿಯಲ್ಲಿ ಇಂಗ್ಲಿಷ್ ಕಲಿಸಲು ಹೋಗಿದ್ದೆ

ಚೀನಾದಲ್ಲಿ ಓದುತ್ತಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ಕ್ಲಾಸಿನ ಗೆಳೆಯರ ಜೊತೆ ಗುಯಿಝೌ ಪ್ರಾಂತ್ಯದ ಬಿಜಿಯೆ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ರಜೆ ಬಂತೆಂದರೆ ಅಲ್ಲಿನ ಕಾಲೇಜು ಹುಡುಗರು ತಂಡ ಕಟ್ಟಿಕೊಂಡು ಗುಡ್ಡಗಾಡಿನ ಶಾಲೆಗಳಿಗೆ ಪಾಠ ಮಾಡಲು ಹೊರಡುತ್ತಾರೆ. ಇದಕ್ಕೆ ಝಿಜಿಯಾವೋ ಅಂತಾರೆ.

ಮನೆಯವರ ಬಗ್ಗೆ ಪಾಠ ಶುರು ಮಾಡಿದೆ. ಅಪ್ಪ ಏನು ಮಾಡ್ತಾರೆ ಅಂತ ಕೇಳಿದರೆ ಹೆಚ್ಚಿನವರದು ಒಂದೇ ಉತ್ತರ, ದೂರದ ಕಾರ್ಖಾನೆಗಳ ಪ್ರಾಂತ್ಯ ಗುವಾಂಗ್‌ಡಾಂಗ್‌ನಲ್ಲಿ ಕೆಲಸ. ಅಮ್ಮ? ಅವರೂ ಅಲ್ಲೇ. ಮನೆಯಲ್ಲಿರುವುದು ಅಜ್ಜಿ, ತಾತ.

ಜೊತೆಗೇ ಕರೆದುಕೊಂಡು ಹೋಗಬಹುದಲ್ವಾ? ಅಷ್ಟು ಸುಲಭ ಇಲ್ಲ. 1958ರಿಂದ ಹುಕೌ ಅನ್ನೋ ವಾಸದ ನೋಂದಣಿ ಇದೆ. ಹಳ್ಳಿಯ ಹುಕೌ ಇದ್ದರೆ ದೊಡ್ಡ ನಗರದ ಸರ್ಕಾರಿ ಶಾಲೆಯಲ್ಲಿ ಸೀಟು ಸಿಗುವುದು ಕಷ್ಟ, ಹೇಗೋ ಸಿಕ್ಕಿದರೂ ಕಾಲೇಜಿಗೆ ಸೇರಲು ಬರೆಯುವ ಗಾವೊಕಾವೊ ಪರೀಕ್ಷೆಗೆ ಎಷ್ಟೋ ಮಕ್ಕಳು ಹುಕೌ ಇರುವ ಊರಿಗೇ ವಾಪಸ್ ಬರಬೇಕು. ರಾಯಚೂರು, ಯಾದಗಿರಿಯಿಂದ ಗುಳೆ ಬಂದವರ ಮಕ್ಕಳು ಬೆಂಗಳೂರಿನ ಸರ್ಕಾರಿ ಶಾಲೆ ಸೇರಿ ಅಲ್ಲೇ ಎಸ್ಸೆಸ್ಸೆಲ್ಸಿ ಬರೆಯುವುದನ್ನು ನೋಡಿದ ನನಗೆ ಇದು ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. 2016ರಲ್ಲಿ ಅಲ್ಲಿನ ಸರ್ಕಾರವೇ ಎಣಿಸಿದಾಗ ಹಳ್ಳಿಗಳಲ್ಲಿ ಹೀಗೆ ಉಳಿದ ಮಕ್ಕಳು 90 ಲಕ್ಷಕ್ಕೂ ಜಾಸ್ತಿ, ಎಲ್ಲರೂ 16 ವರ್ಷದೊಳಗಿನವರು. ಅದಕ್ಕೆ ಹಿಂದಿನ ವರ್ಷ ಇದೇ ಬಿಜಿಯೆಯಲ್ಲಿ, ದೊಡ್ಡವರಿಲ್ಲದ ಮನೆಯಲ್ಲಿ ನಾಲ್ಕು ಮಕ್ಕಳು ವಿಷ ಕುಡಿದು ಸತ್ತಿದ್ದರು. ದೊಡ್ಡವನಿಗೆ 13 ವರ್ಷ.

ಪುಸ್ತಕದ ಪಾಠ ಬದಿಗಿಟ್ಟೆ. ಅಪ್ಪ-ಅಮ್ಮನಿಗೆ ಫೋನಿನಲ್ಲಿ ಹೇಳಬೇಕಾದ್ದನ್ನು ಮೊದಲು ಚೀನೀಯಲ್ಲಿ ಬರೆಸಿ, ಅದರಲ್ಲಿ ಎರಡೇ ಸಾಲು ಇಂಗ್ಲಿಷಿಗೆ ತರಿಸುತ್ತಿದ್ದೆ. ಒಬ್ಬಳು ಹುಡುಗಿ ಬರೆದದ್ದು, ಅಜ್ಜಿಗೆ ಮಂಡಿ ನೋವು, ಜೋಳದ ಹೊಲಕ್ಕೆ ನಾನೇ ಹೋಗ್ತೀನಿ, ನೀವು ಹೊಸ ವರ್ಷಕ್ಕೆ ಬನ್ನಿ ಅಂತ. ರಾತ್ರಿ ಅಮ್ಮನ ಪಾಳಿ ಮುಗಿಯುವವರೆಗೂ ಅಜ್ಜಿಯ ಫೋನ್ ಹಿಡಿದು ಕೂತಿದ್ದಳು. ವಿಡಿಯೊ ಕಾಲ್ ಮಾಡುವ ಆ್ಯಪ್ ವೀಚಾಟ್‌ನಲ್ಲಿ ಅಮ್ಮನ ಮುಖ ಕಂಡ ತಕ್ಷಣ ಆ ಎರಡು ಸಾಲು ಇಂಗ್ಲಿಷ್ ಓದಿದಳು. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಆದರೂ ಇನ್ನೊಂದು ಸಲ ಓದು ಅಂದರು. ಮಂಡಿ ನೋವಿನ ಮಾತು ಮಾತ್ರ ಅವಳು ಎತ್ತಲೇ ಇಲ್ಲ.

ಹೀಗೆ ಕಲಿಸಲು ಹೋಗುವ ಆಸೆ ಇದ್ದವರಿಗೆ ಒಂದು ಮಾತು. ಮತ್ತೆ ಬರ್ತೀನಿ ಅಂತ ಸುಮ್ನೆ ಮಾತು ಕೊಡಬೇಡಿ, ಆ ಮಕ್ಕಳು ಹಾಗೆ ಕಾಯುವುದು ಈಗಾಗಲೇ ಬೇಕಾದಷ್ಟಿದೆ. ಮತ್ತೆ ಹೋಗೋದಾದರೆ ಅದೇ ಶಾಲೆಗೆ ಹೋಗಿ. ಅಲ್ಲೇ ಉಳಿಯುವ ಮೇಷ್ಟರ ಜೊತೆ ಕೂತು ಪಾಠ ತಯಾರು ಮಾಡಿ. ನಾನು ಹೊರಡುವ ಮುಂಚೆ ಮಕ್ಕಳ ನೋಟ್‌ಬುಕ್‌ಗಳನ್ನು ಆ ಮೇಷ್ಟರ ಕೈಗೇ ಕೊಟ್ಟೆ, ಯಾವ ಮಗುವಿನ ಮನೆಯಲ್ಲಿ ಅಜ್ಜಿಗೆ ಹುಷಾರಿಲ್ಲ ಅನ್ನುವುದನ್ನೂ ಹೇಳಿ ಬಂದೆ.