ಯುದ್ಧಕಾಲದ ಸೈನ್ಯದ ದುಡ್ಡು: ಸಂಗ್ರಹ ಶುರು ಮಾಡುವುದು ಹೇಗೆ?

ಜಪಾನಿನ ಸೇನೆ 1942ರಲ್ಲಿ ಬರ್ಮಾಕ್ಕೆ ನುಗ್ಗಿದಾಗ ಅಲ್ಲಿನ ಜನರ ಕೈಗೆ ಹೊಸ ನೋಟುಗಳನ್ನು ಕೊಟ್ಟಿತು. ಮೇಲೆ ‘ದಿ ಜಪಾನೀಸ್ ಗವರ್ನಮೆಂಟ್’ ಎಂದು ಇಂಗ್ಲಿಷಿನಲ್ಲಿ ಅಚ್ಚು. ಕೆಳಗೆ ಚಿಕ್ಕದೊಂದು ಕೆಂಪು ಮುದ್ರೆ. ಲೆಕ್ಕವೆಲ್ಲ ರೂಪಾಯಿಯಲ್ಲಿ. ದೇಶದ ಹೆಸರಿಲ್ಲ, ಇಸವಿ ಇಲ್ಲ. 1945ರಲ್ಲಿ ಜಪಾನ್ ಸೋತಿತು, ಈ ನೋಟುಗಳು ಬರೀ ಕಾಗದವಾದವು. ಮನೆಮನೆಯಲ್ಲಿ ಕೂಡಿಟ್ಟಿದ್ದ ಉಳಿತಾಯ ಹಾಗೇ ಹೋಯಿತು.

ಇಂಥ ನೋಟು ಇವತ್ತೂ ನಮ್ಮ ನಾಣ್ಯ ಮೇಳಗಳಲ್ಲಿ ಸಿಗುತ್ತದೆ. ಸಾಮಾನ್ಯ ಮುಖಬೆಲೆಯದಾದರೆ ದುಬಾರಿಯೂ ಅಲ್ಲ. ಸೈನ್ಯದ ದುಡ್ಡನ್ನು, ಅಂದರೆ ಸೇನೆಗಳು ಗೆದ್ದ ನೆಲದಲ್ಲೋ ತಮ್ಮ ಶಿಬಿರದಲ್ಲೋ ನಡೆಯಲೆಂದು ಹೊರಡಿಸಿದ ಹಣವನ್ನು, ಕೂಡಿಡಬೇಕು ಎಂಬ ಆಸೆ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಬರ್ಮಾದ ನೋಟಿನಿಂದ ಶುರು ಮಾಡಿ. ಆ ರಣರಂಗದಲ್ಲಿ ಭಾರತದ ಸಿಪಾಯಿಗಳು ಲಕ್ಷಗಟ್ಟಲೆ ಇದ್ದರು. ನಮ್ಮ ಚರಿತ್ರೆಗೆ ಹತ್ತಿರದ ದುಡ್ಡು ಅದು.

ಒಂದೇ ರಣರಂಗ ಹಿಡಿಯಿರಿ

ಎಲ್ಲ ದೇಶದ್ದೂ ಒಂದೊಂದು ಇರಲಿ ಎಂದು ಹೊರಟರೆ ಆಲ್ಬಮ್ ಬೇಗ ತುಂಬುತ್ತದೆ, ಕಥೆ ಮಾತ್ರ ಸಿಗುವುದಿಲ್ಲ. ಸೈನ್ಯದ ದುಡ್ಡಿನ ಸ್ವಾರಸ್ಯ ಅದರ ಷರತ್ತಿನಲ್ಲಿದೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವ ಗಡಿ ದಾಟಿದರೆ ಅದು ನಡೆಯುವುದಿಲ್ಲ? ಒಂದು ರಂಗದ ನೋಟುಗಳನ್ನು ಅಕ್ಕಪಕ್ಕ ಇಟ್ಟಾಗಲೇ ಇದು ಕಾಣುತ್ತದೆ.

ಬರ್ಮಾವನ್ನೇ ನೋಡಿ. ಮೊದಲು ಅಲ್ಲಿ ನಡೆಯುತ್ತಿದ್ದದ್ದು ಬ್ರಿಟಿಷರ ಕಾಲದ ರೂಪಾಯಿ. 1942ರಿಂದ ಜಪಾನಿನ ನೋಟು. 1945ರಲ್ಲಿ ಬ್ರಿಟಿಷ್ ಸೇನೆ ವಾಪಸ್ ಬಂತು. ಆಗ ಆರನೇ ಜಾರ್ಜ್ ದೊರೆಯ ಚಿತ್ರವಿದ್ದ ಭಾರತದ ನೋಟುಗಳ ಮೇಲೆಯೇ ಕೆಂಪು ಅಕ್ಷರದಲ್ಲಿ ‘ಮಿಲಿಟರಿ ಅಡ್ಮಿನಿಸ್ಟ್ರೇಷನ್ ಆಫ್ ಬರ್ಮಾ’ ಎಂದು ಮೇಲಚ್ಚು ಹಾಕಿ ಹಂಚಿದರು. ಬರ್ಮಾದಲ್ಲಿ ಮಾತ್ರ ಚಲಾವಣೆ ಎಂಬ ಸಾಲೂ ಅದರಲ್ಲಿತ್ತು. 1947ರಲ್ಲಿ ಮೇಲಚ್ಚು ಬದಲಾಗಿ ‘ಬರ್ಮಾ ಕರೆನ್ಸಿ ಬೋರ್ಡ್’ ಹೆಸರು ಬಂತು. ನಾಲ್ಕೈದು ನೋಟು ಸಾಲಾಗಿ ಇಟ್ಟರೆ ಒಂದು ದೇಶ ಹತ್ತು ವರ್ಷದೊಳಗೆ ಯಾರ್‍ಯಾರ ಕೈ ಸೇರಿತು ಅಂತ ಗೊತ್ತಾಗುತ್ತದೆ.

ಕೊಳ್ಳುವ ಮುಂಚೆ ಓದಲು ಕಲಿಯಿರಿ

ಒಂದು ಒಳ್ಳೆ ಭೂತಕನ್ನಡಿ ತೆಗೆದುಕೊಳ್ಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು.

ಜಪಾನಿನ ನೋಟಿನಲ್ಲಿ ಮೊದಲು ನೋಡಬೇಕಾದ್ದು ಅದರ ಗುರುತಿನ ಅಕ್ಷರಗಳು. ಮೊದಲ ಅಕ್ಷರ ಜಾಗವನ್ನು ಹೇಳುತ್ತದೆ. ‘ಬಿ’ ಇದ್ದರೆ ಬರ್ಮಾ, ‘ಎಂ’ ಇದ್ದರೆ ಮಲಯಾ, ‘ಪಿ’ ಇದ್ದರೆ ಫಿಲಿಪೈನ್ಸ್, ‘ಓ’ ಇದ್ದರೆ ಪೆಸಿಫಿಕ್ ದ್ವೀಪಗಳು, ‘ಎಸ್’ ಇದ್ದರೆ ಈಗಿನ ಇಂಡೊನೇಷ್ಯಾ. ಅದರ ಮುಂದಿನ ಅಕ್ಷರಗಳು ಅಚ್ಚಿನ ಕಂತನ್ನು ಹೇಳುತ್ತವೆ. ಹಣದ ಹೆಸರೂ ಸುಳಿವು ಕೊಡುತ್ತದೆ: ಬರ್ಮಾಕ್ಕೆ ರೂಪಾಯಿ, ಮಲಯಾಕ್ಕೆ ಡಾಲರ್, ಫಿಲಿಪೈನ್ಸ್‌ಗೆ ಪೆಸೊ. ಮಲಯಾದ ಹತ್ತು ಡಾಲರಿನಲ್ಲಿ ಬಾಳೆಗಿಡ ಇದೆ. ಅದರಿಂದಲೇ ಅಲ್ಲಿನ ಜನ ಇವತ್ತಿಗೂ ಇದನ್ನು ಬಾಳೆಹಣ್ಣಿನ ದುಡ್ಡು ಅನ್ನುತ್ತಾರೆ.

ಇದಕ್ಕಿಂತ ಸೂಕ್ಷ್ಮ ಕಣ್ಣು ಬೇಕಾಗುವುದು ಜರ್ಮನಿಯಲ್ಲಿ ಮಿತ್ರಪಕ್ಷಗಳು ಚಲಾಯಿಸಿದ 1944ರ ಮಾರ್ಕ್ ನೋಟುಗಳಿಗೆ. ಇವನ್ನು ಅಮೆರಿಕದ ಬಾಸ್ಟನ್ ಕಡೆಯ ಫೋರ್ಬ್ಸ್ ಎಂಬ ಮುದ್ರಣ ಸಂಸ್ಥೆ ಅಚ್ಚು ಹಾಕಿತು. ಅಚ್ಚು ಹಾಕುವ ಫಲಕಗಳ ಪ್ರತಿಯನ್ನು ಸೋವಿಯತ್ ಒಕ್ಕೂಟಕ್ಕೂ ಕೊಟ್ಟರು, ಅವರೂ ತಮ್ಮದೇ ನೋಟು ಹೊಡೆದರು. ನೋಡಿದರೆ ಎರಡೂ ಒಂದೇ. ಈಗ ಕ್ರಮಸಂಖ್ಯೆ ನೋಡಿ. ಸೋವಿಯತ್ ನೋಟಿನಲ್ಲಿ ಸಂಖ್ಯೆಯ ಮೊದಲಿಗೆ ಒಂದು ಅಡ್ಡಗೆರೆ ಇರುತ್ತದೆ. ಅಮೆರಿಕದ ನೋಟಿನಲ್ಲಿ ಸಾಮಾನ್ಯವಾಗಿ ಆ ಗೆರೆ ಇಲ್ಲ, ಬದಲಿಗೆ ಬಳ್ಳಿ ವಿನ್ಯಾಸದ ಸುರುಳಿಯೊಳಗೆ ಫೋರ್ಬ್ಸ್‌ನ ಗುರುತಾದ ಪುಟಾಣಿ ‘ಎಫ್’ ಅಡಗಿದೆ. ಅದು ಕಣ್ಣಿಗೆ ಬಿದ್ದಾಗ ಆಗುವ ಖುಷಿಯೇ ಈ ಹವ್ಯಾಸಕ್ಕೆ ಎಷ್ಟೋ ಜನರನ್ನು ಎಳೆದು ತಂದಿದೆ.

ಅಮೆರಿಕದ ಎಂಪಿಸಿ

ಸೈನ್ಯದ ದುಡ್ಡು ಹೇಗೆ ಕೆಲಸ ಮಾಡುತ್ತದೆ ಎಂದು ಅರ್ಥವಾಗಬೇಕಾದರೆ ಇದನ್ನು ಬಿಡುವ ಹಾಗಿಲ್ಲ. ಮಿಲಿಟರಿ ಪೇಮೆಂಟ್ ಸರ್ಟಿಫಿಕೇಟ್ ಅಂತ ಪೂರ್ತಿ ಹೆಸರು, ಎಲ್ಲರೂ ಎಂಪಿಸಿ ಅನ್ನುತ್ತಾರೆ. ವಿದೇಶದಲ್ಲಿದ್ದ ತನ್ನ ಸೈನಿಕರಿಗೆ ಅಮೆರಿಕ 1946ರಿಂದ 1973ರವರೆಗೆ ಇದರಲ್ಲಿ ಸಂಬಳ ಕೊಡುತ್ತಿತ್ತು. ನಿಜವಾದ ಡಾಲರ್ ಕೊಟ್ಟರೆ ಅದು ಕಾಳಸಂತೆಗೆ ಹರಿದು ಹೋಗುತ್ತದೆ, ಸ್ಥಳೀಯ ಹಣದ ಬೆಲೆ ಬೀಳುತ್ತದೆ ಎಂಬುದು ಕಾರಣ. ಐದು ಸೆಂಟಿಗೂ ನೋಟೇ. ನಾಣ್ಯ ಇಲ್ಲ.

ಆದರೂ ನೋಟುಗಳು ಹೊರಗೆ ಹೋಗುತ್ತಿದ್ದವು, ಹೋಟೆಲಿನವರು, ದಲ್ಲಾಳಿಗಳು ಕೂಡಿಡುತ್ತಿದ್ದರು. ಅದಕ್ಕೆ ಸೇನೆ ಕಂಡುಕೊಂಡ ಉಪಾಯ ‘ಸಿ-ಡೇ’, ಅಂದರೆ ನೋಟು ಬದಲಿಸುವ ದಿನ. ಯಾವತ್ತು ಎಂದು ಮೊದಲೇ ಯಾರಿಗೂ ಹೇಳುತ್ತಿರಲಿಲ್ಲ. ಆ ದಿನ ಬೆಳಗ್ಗೆ ಶಿಬಿರದ ಗೇಟು ಮುಚ್ಚುತ್ತಿದ್ದರು. ಒಳಗಿದ್ದ ಸೈನಿಕರು ಹಳೆ ನೋಟು ಕೊಟ್ಟು ಹೊಸದು ಪಡೆಯಬೇಕು. ಹೊರಗಿನವರ ಹತ್ತಿರ ಇದ್ದ ಹಳೆ ನೋಟಿಗೆ ಅಲ್ಲಿಂದಾಚೆ ಮೂರು ಕಾಸಿನ ಬೆಲೆಯಿಲ್ಲ. ಹೀಗೆ ಬದಲಾಗುವ ಪ್ರತಿ ಹೊಸ ನೋಟಿನ ಗುಂಪಿಗೂ ಒಂದು ಸರಣಿ ಸಂಖ್ಯೆ ಇತ್ತು. ವಿಯೆಟ್ನಾಂನಲ್ಲಿ 661 ಎಂಬ ಸಂಖ್ಯೆಯ ಸರಣಿ 1968ರ ಅಕ್ಟೋಬರಿನಲ್ಲಿ ಬಂದು 1969ರ ಆಗಸ್ಟಿನಲ್ಲಿ ಮುಗಿದೇ ಹೋಯಿತು, ವರ್ಷವೂ ತುಂಬಲಿಲ್ಲ.

ಹೀಗೆ ಒಟ್ಟು 13 ಸರಣಿ ಚಲಾವಣೆಗೆ ಬಂದವು. ಶುರುಮಾಡುವವರಿಗೆ ವಿಯೆಟ್ನಾಂ ಕಾಲದ ಸಣ್ಣ ಮುಖಬೆಲೆಯವು ಕೈಗೆಟುಕುತ್ತವೆ. 541 ಸಂಖ್ಯೆಯ ಸರಣಿಯ ಐದು ಡಾಲರ್ ನೋಟು ತುಂಬಾ ದುಬಾರಿ, ಅದರ ಆಸೆ ಸದ್ಯಕ್ಕೆ ಬೇಡ. ಇನ್ನೊಂದು ಗುಟ್ಟು: ಕ್ರಮಸಂಖ್ಯೆಯ ಕೊನೆಯಲ್ಲಿ ಅಕ್ಷರ ಇಲ್ಲದಿದ್ದರೆ ಅದು ಅಚ್ಚಿನಲ್ಲಿ ಕೆಟ್ಟ ನೋಟಿಗೆ ಬದಲಾಗಿ ಹಾಕಿದ್ದು. ಅಂಥದ್ದಕ್ಕೆ ಬೆಲೆ ಜಾಸ್ತಿ.

ಜೇಬು ಚಿಕ್ಕದಿದ್ದರೆ ಬ್ರಿಟಿಷ್ ಸೇನೆ ಇದೇ ರೀತಿ ತನ್ನವರಿಗೆ ಕೊಡುತ್ತಿದ್ದ ನೋಟಿನಂಥ ವಿಶೇಷ ವೋಚರುಗಳಿವೆ. ಕೊನೆಯ ಕೆಲವು ಸರಣಿಗಳು ಗರಿಗರಿಯಾಗಿಯೇ, ಅಗ್ಗಕ್ಕೆ ಸಿಗುತ್ತವೆ. ಅಫ್ಘಾನಿಸ್ತಾನದ ಅಮೆರಿಕನ್ ಶಿಬಿರಗಳ ಅಂಗಡಿಗಳಲ್ಲಿ 2001ರಿಂದ ಚಿಲ್ಲರೆ ಬದಲು ಕೊಡುತ್ತಿದ್ದ ದುಂಡನೆಯ ರಟ್ಟಿನ ಬಿಲ್ಲೆಗಳೂ ಹಾಗೇ. ನಾಣ್ಯ ಸಾಗಿಸುವುದು ಭಾರ ಎಂದು ರಟ್ಟು ಮಾಡಿದರು. ಅವನ್ನು ‘ಪಾಗ್’ ಅನ್ನುತ್ತಾರೆ, ಮಕ್ಕಳಿಗೂ ಇಷ್ಟವಾಗುತ್ತವೆ.

ಬೆಂಗಳೂರಿಗೂ ಒಂದು ನಂಟು

ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಸೆರೆ ಸಿಕ್ಕ ಇಟಲಿಯ ಸೈನಿಕರನ್ನು ಸಾವಿರಾರು ಸಂಖ್ಯೆಯಲ್ಲಿ ಭಾರತಕ್ಕೆ ತಂದರು. ಬೆಂಗಳೂರು, ಭೋಪಾಲ್, ಡೆಹ್ರಾಡೂನ್, ಹಿಮಾಚಲದ ಕಾಂಗ್ಡಾ ಕಣಿವೆಯ ಯೋಲ್‌ನಲ್ಲಿ ಶಿಬಿರಗಳಿದ್ದವು. ಸೆರೆಯಾಳಿನ ಕೈಗೆ ನಿಜವಾದ ರೂಪಾಯಿ ಕೊಡುತ್ತಿರಲಿಲ್ಲ. ಕೊಟ್ಟರೆ ಕಾವಲುಗಾರನಿಗೆ ಲಂಚ ಕೊಡಬಹುದು, ತಪ್ಪಿಸಿಕೊಂಡು ರೈಲಿನ ಟಿಕೆಟ್ ಕೊಳ್ಳಬಹುದು, ಅಲ್ವಾ? ಅದಕ್ಕೇ ಶಿಬಿರದ ಕ್ಯಾಂಟೀನಿನಲ್ಲಿ ಮಾತ್ರ ನಡೆಯುವ ಕೂಪನ್. ಆಣೆ ಲೆಕ್ಕದ ಪುಟ್ಟ ಚೀಟಿಗಳು. ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡವೂ ಇವೆ, ಸರಳ ಅಚ್ಚು, ಅಲಂಕಾರ ಕಡಿಮೆ. ನನ್ನ ಮಟ್ಟಿಗೆ ನಮ್ಮ ನೆಲದಲ್ಲಿ ಹುಟ್ಟಿದ ಸೈನ್ಯದ ದುಡ್ಡಿನಲ್ಲಿ ಇದಕ್ಕಿಂತ ಮನಸ್ಸಿಗೆ ತಟ್ಟುವ ವಸ್ತು ಬೇರೆ ಇಲ್ಲ.

ಇವು ಅಪರೂಪ, ನಕಲಿಯೂ ಉಂಟು. ಹಾಗಾಗಿ ಕೊಳ್ಳುವ ಮುಂಚೆ ಕಣ್ಣು ಪಳಗಿಸಿಕೊಳ್ಳಿ. ಬೆಂಗಳೂರಿನ ಬ್ರಂಟನ್ ರಸ್ತೆಯಲ್ಲಿ ಭಾರತದ ನೋಟುಗಳಿಗೆಂದೇ 2020ರಲ್ಲಿ ಶುರುವಾದ ಮ್ಯೂಸಿಯಂ ಇದೆ. ಅಸಲಿ ಕಾಗದ, ಅಸಲಿ ಶಾಯಿ ಹೇಗಿರುತ್ತದೆ ಎಂದು ನೋಡಲು ಅರ್ಧ ದಿನ ಅಲ್ಲಿಗೆ ಹೋಗಿ ಬನ್ನಿ.

ತರಬೇತಿ ದುಡ್ಡು

ಸಂಬಳ ಬಟವಾಡೆ, ನೋಟು ಎಣಿಕೆ, ಲೆಕ್ಕ ಒಪ್ಪಿಸುವುದನ್ನು ಕಲಿಸಲು ಸೇನೆಗಳು ಅಣಕು ನೋಟುಗಳನ್ನು ಬಳಸುವುದುಂಟು. ಮೇಲೆ ‘ತರಬೇತಿಗೆ ಮಾತ್ರ’ ಎಂಬರ್ಥದ ಬರಹ ಇರುತ್ತದೆ. ಸಂಗ್ರಹಕಾರರು ನೋಡುವ ಕ್ಯಾಟಲಾಗುಗಳಲ್ಲಿ, ಅಂದರೆ ನೋಟುಗಳ ಪಟ್ಟಿ ಇರುವ ಪುಸ್ತಕಗಳಲ್ಲಿ, ಇವುಗಳಿಗೆ ಜಾಗ ಕಡಿಮೆ. ಸರಳ ಅಚ್ಚಾದ್ದರಿಂದ ಯಾರು ಬೇಕಾದರೂ ಮನೆಯ ಪ್ರಿಂಟರಿನಲ್ಲಿ ಹೊಡೆಯಬಹುದು. ಆದ್ದರಿಂದ ಇಲ್ಲಿ ನೋಟಿಗಿಂತ ಅದು ಬಂದ ದಾರಿಯೇ ಮುಖ್ಯ. ಯಾವ ಘಟಕ, ಯಾವ ಕಾಲ, ಮೊದಲು ಯಾರ ಹತ್ತಿರ ಇತ್ತು? ಮಾರುವವರು ಹೇಳಲಾಗದಿದ್ದರೆ ಬಿಟ್ಟುಬಿಡಿ. ಹೇಳಿದರೆ ಬರೆದು ಕೊಡಲು ಕೇಳಿ.

ನಕಲಿ ಹಿಡಿಯುವುದು

ಹೆಚ್ಚು ಮೋಸ ನಡೆಯುವುದು ಮೇಲಚ್ಚಿನಲ್ಲಿ. ಆರನೇ ಜಾರ್ಜ್ ಕಾಲದ ಸಾಮಾನ್ಯ ನೋಟು ಸುಲಭವಾಗಿ ಸಿಗುತ್ತದೆ. ಅದರ ಮೇಲೆ ‘ಬರ್ಮಾ’ ಎಂದು ಹೊಡೆದರೆ ಬೆಲೆ ಏರುತ್ತದೆ. ನೋಟಿನ ಮಡಿಕೆಯ ಗೆರೆ ಕೆಂಪು ಅಕ್ಷರವನ್ನು ದಾಟುವ ಕಡೆ ಭೂತಕನ್ನಡಿ ಹಿಡಿಯಿರಿ. ಅಸಲಿಯಾದರೆ ಮೊದಲು ಶಾಯಿ, ಆಮೇಲೆ ಮಡಿಕೆ. ಹಾಗಾಗಿ ಮಡಿಕೆ ಇದ್ದಲ್ಲಿ ಶಾಯಿ ಒಡೆದು, ಸವೆದು, ಕಾಗದದ ಬಿಳಿ ಕಾಣುತ್ತದೆ. ನಂತರ ಹೊಡೆದದ್ದಾದರೆ ಸವೆದ ಮಡಿಕೆಯ ಎಳೆಗಳೊಳಗೇ ಶಾಯಿ ಇಳಿದಿರುತ್ತದೆ. ಕ್ರಮಸಂಖ್ಯೆಯ ಮೊದಲ ಅಕ್ಷರಗಳನ್ನೂ ಕ್ಯಾಟಲಾಗಿನ ಜೊತೆ ತಾಳೆ ನೋಡಿ.

ನೇತಾಜಿ ಸುಭಾಷ್ ಚಂದ್ರ ಬೋಸರ ಆಜಾದ್ ಹಿಂದ್ ಸರ್ಕಾರದ ಬ್ಯಾಂಕಾಗಿದ್ದ ಆಜಾದ್ ಹಿಂದ್ ಬ್ಯಾಂಕಿನ ಹೆಸರಿನ ನೋಟುಗಳ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ, ಹೊಸಬರು ಮುಟ್ಟಲೇಬೇಡಿ. ನೇತಾಜಿ ಮೇಲಿನ ಅಭಿಮಾನವನ್ನೇ ಬಂಡವಾಳ ಮಾಡಿಕೊಂಡು ನಕಲಿಗಳನ್ನು ಮಾರುವವರಿದ್ದಾರೆ. ಆ ಅಭಿಮಾನಕ್ಕೆ ಮಾಡುವ ಅವಮಾನ ಅದು.

ಇಡುವುದು ಹೇಗೆ

ಲ್ಯಾಮಿನೇಷನ್ ಬೇಡ. ಟೇಪ್ ಬೇಡ. ಒಗೆಯುವುದು, ಇಸ್ತ್ರಿ ಹಾಕುವುದು ಬೇಡವೇ ಬೇಡ. ಇವುಗಳಲ್ಲಿ ಯಾವುದನ್ನು ಮಾಡಿದರೂ ನೋಟಿನ ಬೆಲೆ ಹೋಗುತ್ತದೆ.

ಪಿವಿಸಿ ಕವರು ವರ್ಷ ಕಳೆದಂತೆ ಅಂಟಂಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಕವರು ಕೇಳಿ ತೆಗೆದುಕೊಳ್ಳಿ, ನಾಲ್ಕು ಕಾಸು ಜಾಸ್ತಿಯಾದರೂ ಪರವಾಗಿಲ್ಲ. ಕರಾವಳಿ, ಮಲೆನಾಡಿನವರಿಗೆ ಮಳೆಗಾಲವೇ ದೊಡ್ಡ ಶತ್ರು. ಆಲ್ಬಮ್ಮನ್ನು ಗೋಡೆಗೆ ಒತ್ತಿದ ಬೀರುವಿನಲ್ಲಿ ಇಡಬೇಡಿ. ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಪೊಟ್ಟಣವನ್ನು ಆಗಾಗ ಬದಲಿಸಿ. ಬಿಸಿಲು ಬಿದ್ದ ದಿನ ನೆರಳಲ್ಲಿ ತೆರೆದು ಪುಟ ತಿರುವಿ, ಬೆಳ್ಳಿಹುಳ ಸೇರಿದ್ದರೆ ಕಾಣುತ್ತದೆ.

ಪ್ರತಿ ನೋಟಿಗೂ ಒಂದು ಚೀಟಿ ಮಾಡಿ. ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡಿರಿ, ಮಾರಿದವರು ಏನು ಹೇಳಿದರು ಎಂದು ಪೆನ್ಸಿಲಿನಲ್ಲಿ ಬರೆದು ಕವರಿನ ಹಿಂದೆ ಇಡಿ. ನೋಟಿನ ಮೇಲೆ ಏನನ್ನೂ ಬರೆಯಬೇಡಿ.

ಕಾನೂನಿನ ಮಾತು ಒಂದಿದೆ. ನೂರು ವರ್ಷ ದಾಟಿದ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯಲು 1972ರ ಪ್ರಾಚೀನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ಮೊದಲ ಮಹಾಯುದ್ಧದ ಕಾಲದ ವಸ್ತು ನಿಮ್ಮ ಹತ್ತಿರ ಇದ್ದರೆ ವಿದೇಶಕ್ಕೆ ಕಳಿಸುವ ಮುಂಚೆ ಪುರಾತತ್ವ ಇಲಾಖೆಯನ್ನು ಕೇಳಿ.

ಇನ್ನು, ಮನೆಯಲ್ಲಿ ಅಜ್ಜನೋ ಮುತ್ತಜ್ಜನೋ ಸೈನ್ಯದಲ್ಲಿದ್ದರೆ ಅಂಗಡಿಗೆ ಹೋಗುವ ಮುಂಚೆ ಅಟ್ಟದ ಟ್ರಂಕು ತೆಗೆದು ನೋಡಿ. ಪೇಬುಕ್ಕು, ಹಳೆ ಕಾಗದ, ಫೋಟೊ ಜೊತೆ ವಿದೇಶದ ನೋಟು ಸಿಕ್ಕರೆ ಬೇರೆ ಬೇರೆ ಮಾಡಬೇಡಿ. ಎಲ್ಲವನ್ನೂ ಒಟ್ಟಿಗೇ ಇಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಸೈನ್ಯದಲ್ಲಿದ್ದವರು ಯಾವ ರೆಜಿಮೆಂಟು, ಎಲ್ಲೆಲ್ಲಿ ಇದ್ದರು ಎಂದು ಕೇಳಿ ಬರೆದುಕೊಳ್ಳಿ. ಇದನ್ನು ಈ ವಾರವೇ ಮಾಡಿ.